ವಾಸ್ಕೋ ಡ ಗಾಮನನ್ನು ವೀರನೆಂದು ಗೌರವಿಸಬೇಕೇ?

ಪ್ರಶ್ನೆ: ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆಯ ಭಾಷಣ ಸ್ಪರ್ಧೆಗೆ ‘ಭಾರತವನ್ನು ಕಂಡುಹಿಡಿದ ವೀರ ವಾಸ್ಕೋ ಡ ಗಾಮ’ ಎಂಬ ವಿಷಯ ಕೊಟ್ಟಿದ್ದಾರೆ. ಅವನು ಯಾತ್ರಿಕರ ಹಡಗೊಂದನ್ನು ಸುಟ್ಟವನು ಎಂದು ಎಲ್ಲೋ ಓದಿದ ನೆನಪು ನನಗಿದೆ. ಆದರೆ ನನ್ನ ಅಣ್ಣ, ‘ಐನೂರು ವರ್ಷ ಹಿಂದಿನ ಮನುಷ್ಯನನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು, ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಇದ್ದರು’ ಎನ್ನುತ್ತಾರೆ. ಮಗಳಿಗೆ ಏನು ಹೇಳಲಿ? ಗೋವಾದಲ್ಲಿ ಅವನ ಹೆಸರಿನ ಊರು ಇಂದಿಗೂ ಇದೆಯಲ್ಲ, ಆ ಹೆಸರು ಇರಬೇಕೇ?

ಉತ್ತರ: ನಿಮ್ಮ ನೆನಪು ಸರಿಯಾಗಿದೆ. ಆ ಹಡಗಿನ ಹೆಸರು ‘ಮೀರಿ’. ಮೆಕ್ಕಾದಿಂದ ಕಲ್ಲಿಕೋಟೆಗೆ ಮರಳುತ್ತಿದ್ದ ಗಂಡಸರು, ಹೆಂಗಸರು, ಮಕ್ಕಳು ತುಂಬಿದ್ದ ಆ ಹಡಗನ್ನು ವಾಸ್ಕೋ ಡ ಗಾಮನ ಆಜ್ಞೆಯಂತೆ ಸುಡಲಾಯಿತು. ಅದು ಉರಿದು ಮುಗಿದದ್ದು 1502ರ ಅಕ್ಟೋಬರ್ 3ರಂದು. ಇದು ಅವನ ಶತ್ರುಗಳು ಹಬ್ಬಿಸಿದ ಕಥೆಯಲ್ಲ. ಅವನದೇ ನೌಕಾಪಡೆಯಲ್ಲಿದ್ದವರು ಬರೆದಿಟ್ಟ ಸಂಗತಿ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗಾಮನನ್ನು ನೆನಪಿಡಬೇಕು, ಅವನ ಸಮುದ್ರಯಾನವನ್ನು ಮಕ್ಕಳಿಗೆ ಚೆನ್ನಾಗಿಯೇ ಕಲಿಸಬೇಕು, ಆದರೆ ವೀರನೆಂದು ಗೌರವಿಸಬಾರದು. ಹೀಗೆ ಹೇಳುವುದಕ್ಕೆ ಇಂದಿನ ಅಳತೆಗೋಲು ಬೇಕಾಗಿಯೂ ಇಲ್ಲ. ಅವನ ಜೊತೆ ಸಮುದ್ರದ ಮೇಲಿದ್ದವರ ಅಳತೆಗೋಲೇ ಸಾಕು.

ಸ್ಪರ್ಧೆಯ ವಿಷಯದಲ್ಲಿರುವ ‘ಕಂಡುಹಿಡಿದ’ ಎಂಬ ಪದದಿಂದಲೇ ತೊಡಕು ಆರಂಭವಾಗುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲೇ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹೊರಟ ವರ್ತಕರು ಮುಂಗಾರಿನ ಗಾಳಿ ಹಿಡಿದು ಮಲಬಾರಿನ ಮುಜಿರಿಸ್ ಬಂದರಿಗೆ ಬಂದು ಕಾಳುಮೆಣಸು ತುಂಬಿಕೊಂಡು ಹೋಗುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಹದಿನೈದನೆಯ ಶತಮಾನದ ಆರಂಭದಲ್ಲಿ ಚೀನಾದ ಝೆಂಗ್ ಹೆಯ ಭಾರೀ ನೌಕಾಪಡೆಗಳು ಮತ್ತೆ ಮತ್ತೆ ಕಲ್ಲಿಕೋಟೆಗೆ ಬಂದುಹೋದವು. 1440ರ ದಶಕದಲ್ಲಿ ವಿಜಯನಗರಕ್ಕೆ ಹೋಗುವ ಮುನ್ನ ಕಲ್ಲಿಕೋಟೆಯಲ್ಲಿ ತಂಗಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ದೂರದೂರದ ವರ್ತಕರು ಯಾವ ಭಯವೂ ಇಲ್ಲದೆ ತಮ್ಮ ಸರಕನ್ನು ಬೀದಿಯಲ್ಲೇ ಇಳಿಸಿ ಬಿಟ್ಟುಹೋಗುವಷ್ಟು ಭದ್ರತೆ ಆ ಊರಿನಲ್ಲಿತ್ತೆಂದು ಮೆಚ್ಚಿ ಬರೆದ. ಅಷ್ಟೇಕೆ, ಗಾಮನಿಗಿಂತ ಸುಮಾರು ಹತ್ತು ವರ್ಷ ಮೊದಲೇ ಪೋರ್ಚುಗಲ್ಲಿನ ಅರಸ ಕಳುಹಿಸಿದ್ದ ಪೆರು ಡ ಕೊವಿಲ್ಯಾನ್ ಎಂಬ ಗೂಢಚಾರ ಅರಬ್ಬರ ದಾರಿಯಲ್ಲಿ ಬಂದು ಕಣ್ಣೂರು, ಕಲ್ಲಿಕೋಟೆ, ಗೋವಾಗಳನ್ನು ನೋಡಿಕೊಂಡು ಹೋಗಿದ್ದ.

1498ರ ಮೇ 20ರಂದು ಕಲ್ಲಿಕೋಟೆಯ ಎದುರು ಲಂಗರು ಹಾಕಿದ ಗಾಮ, ತಾನೇ ಇಳಿಯದೆ ಮೊದಲು ದಡಕ್ಕೆ ಕಳುಹಿಸಿದ್ದು ಶಿಕ್ಷೆಗೊಳಗಾದ ಒಬ್ಬ ಕೈದಿಯನ್ನು. ಇಂತಹ ಅಪಾಯದ ಕೆಲಸಕ್ಕೆಂದೇ ಕೆಲವು ಕೈದಿಗಳನ್ನು ಹಡಗಿನಲ್ಲಿ ತಂದಿದ್ದರು. ಊರಿನವರು ಅವನನ್ನು ಟ್ಯುನಿಸ್‌ನಿಂದ ಬಂದಿದ್ದ ಇಬ್ಬರು ಮುಸ್ಲಿಮರ ಬಳಿಗೆ ಕರೆದೊಯ್ದರು. ಅವರಿಗೆ ಸ್ಪೇನಿನ ಕ್ಯಾಸ್ಟೀಲಿಯನ್ ಭಾಷೆಯೂ ಇಟಲಿಯ ಜೆನೋವಾದ ಭಾಷೆಯೂ ಬರುತ್ತಿತ್ತು. ‘ನಿನ್ನನ್ನು ಸೈತಾನ ಹೊತ್ತೊಯ್ಯಲಿ, ಇಲ್ಲಿಗೇಕೆ ಬಂದೆ?’ ಎಂದು ಅವರು ಕೇಳಿದರೆಂದೂ, ‘ಕ್ರೈಸ್ತರನ್ನೂ ಸಾಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು’ ಎಂದು ಇವನು ಉತ್ತರಿಸಿದನೆಂದೂ ಆ ಯಾನದ ದಿನಚರಿಯಲ್ಲಿದೆ. ಯುರೋಪಿನ ಮಾತಿನಲ್ಲೇ ಸ್ವಾಗತ ಸಿಕ್ಕ ಊರನ್ನು ‘ಕಂಡುಹಿಡಿಯುವುದು’ ಎಂದರೆ ಏನು ಎಂದು ಮಗಳನ್ನೇ ಕೇಳಿನೋಡಿ. ಮಕ್ಕಳು ಇದನ್ನು ಬೇಗ ಗ್ರಹಿಸುತ್ತಾರೆ.

ಹಾಗೆಂದು ಅವನು ಮಾಡಿದ್ದು ಚಿಕ್ಕ ಕೆಲಸವೆಂದು ಹೇಳಿದರೆ ಅದೂ ತಪ್ಪು. ಯುರೋಪಿನಿಂದ ಆಫ್ರಿಕಾವನ್ನು ಬಳಸಿಕೊಂಡು, ನಡುವೆ ಎಲ್ಲಿಯೂ ಸರಕನ್ನು ನೆಲದ ಮೇಲೆ ಹೊರದೆ, ನೀರಿನ ಮೇಲೆಯೇ ಭಾರತಕ್ಕೆ ಬಂದು ತಲುಪುವ ಮಾರ್ಗವನ್ನು ಮೊದಲ ಬಾರಿಗೆ ಪೂರ್ತಿಗೊಳಿಸಿದವರು ಅವನೂ ಅವನ ಜೊತೆಗಾರರೂ. 1497ರ ಜುಲೈ 8ರಂದು ನಾಲ್ಕು ಹಡಗುಗಳಲ್ಲಿ ಸುಮಾರು 170 ಜನ ಲಿಸ್ಬನ್ ಬಿಟ್ಟರು. ಆಗಸ್ಟ್ ಆರಂಭದಲ್ಲಿ ಕೇಪ್ ವರ್ಡೆ ದ್ವೀಪಗಳಿಂದ ಹೊರಟವರು, ಆಫ್ರಿಕಾದ ಅಂಚು ಹಿಡಿದು ಸಾಗಿದರೆ ಎದುರುಗಾಳಿಗೆ ಸಿಲುಕುತ್ತೇವೆಂದು ಅರಿತು, ಅಟ್ಲಾಂಟಿಕ್ ಸಾಗರದ ಒಳಕ್ಕೆ ಬಹುದೂರ ಬಾಗಿ, ಅಲ್ಲಿನ ಪಶ್ಚಿಮದ ಗಾಳಿ ಹಿಡಿದು ನವೆಂಬರ್ ಮೊದಲ ವಾರದಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯನ್ನು ಕಂಡರು. ಮೂರು ತಿಂಗಳ ಕಾಲ ಕಣ್ಣಿಗೆ ನೆಲವಿಲ್ಲ. ಕೊಲಂಬಸ್ ಕೆನರಿ ದ್ವೀಪಗಳನ್ನು ಬಿಟ್ಟು ಮತ್ತೆ ನೆಲ ಕಂಡದ್ದು ಸುಮಾರು ಐದು ವಾರಗಳಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ನೌಕಾವಿದ್ಯೆಯ ಮಟ್ಟ ತಿಳಿಯುತ್ತದೆ. ನಾನು ಈ ಭಾಗವನ್ನು ಪಾಠ ಮಾಡುವಾಗ ನಕ್ಷೆಯ ಮೇಲೆ ಆ ಬಾಗಿದ ಗೆರೆಯನ್ನು ವಿದ್ಯಾರ್ಥಿಗಳಿಂದಲೇ ಎಳೆಸುತ್ತೇನೆ. ಎಳೆಯುವಾಗ ಅವರ ಮುಖದಲ್ಲಿ ಮೂಡುವ ಬೆರಗು ನ್ಯಾಯವಾದುದೇ.

ಆದರೆ ಈ ಹಿರಿಮೆಯೂ ಒಬ್ಬನದಲ್ಲ. ಆಫ್ರಿಕಾದ ದಕ್ಷಿಣದ ತುದಿಯನ್ನು 1488ರಲ್ಲೇ ಸುತ್ತಿಬಂದಿದ್ದವನು ಬಾರ್ತೊಲೊಮೆಯು ದಿಯಾಸ್. ಇನ್ನು ಕೊನೆಯ ಹಾದಿ, ಅಂದರೆ ಪೂರ್ವ ಆಫ್ರಿಕಾದ ಮಲಿಂದಿಯಿಂದ ಮಲಬಾರಿನವರೆಗಿನ ದಾರಿ, ಅಲ್ಲಿನ ಅರಸ ಜೊತೆಮಾಡಿ ಕಳುಹಿಸಿದ ನಾವಿಕನೊಬ್ಬ ತೋರಿಸಿದ್ದು. ಆ ನಾವಿಕ ಪ್ರಸಿದ್ಧ ಅರಬ್ ಪಂಡಿತ ಇಬ್ನ್ ಮಾಜಿದ್ ಎಂದು ಅನೇಕ ಪುಸ್ತಕಗಳು ಹೇಳುತ್ತವೆಯಾದರೂ, ಆಕರಗಳನ್ನು ಎಚ್ಚರದಿಂದ ಓದಿದ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಪೋರ್ಚುಗೀಸ್ ಚರಿತ್ರಕಾರ ಬಾರ್ರೋಸ್ ಅವನನ್ನು ಗುಜರಾತಿನವನೆಂದು ಕರೆದಿದ್ದಾನೆ. ಗಾಳಿಯ ಕಾಲ ಬಲ್ಲ ಆ ಮನುಷ್ಯ ಏಪ್ರಿಲ್ 24ರಂದು ಹೊರಟ ಹಡಗುಗಳನ್ನು 23 ದಿನಗಳಲ್ಲಿ ಸಾಗರ ದಾಟಿಸಿದ. ಮರಳುವಾಗ ಗಾಮನ ಜೊತೆ ಅಂತಹವರಾರೂ ಇರಲಿಲ್ಲ. ಗಾಳಿ ತಿರುಗುವವರೆಗೆ ಕಾಯದೆ ಅಕ್ಟೋಬರ್ ಮೊದಲ ವಾರದಲ್ಲಿ ಕಾರವಾರದ ಬಳಿಯ ಅಂಜದೀವ ದ್ವೀಪದಿಂದ ಹೊರಟ ಅದೇ ಹಡಗುಗಳಿಗೆ ಅದೇ ಸಾಗರ ದಾಟಲು ಸರಿಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಊದಿ, ಕೈಕಾಲು ಬಾತು ಸಾಯಿಸುವ ಸ್ಕರ್ವಿ ರೋಗಕ್ಕೆ ಆ ಒಂದು ದಾಟುವಿಕೆಯಲ್ಲೇ 30 ಜನ ಬಲಿಯಾದರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದಿದ್ದರು. ನಡೆಸಲು ಜನ ಸಾಲದೆ ಒಂದು ಹಡಗನ್ನು ತಾವೇ ಸುಡಬೇಕಾಯಿತು. ಗಾಮನ ಅಣ್ಣ ಪಾವ್ಲೊ ಕೂಡ ಊರು ಸೇರುವ ಮುನ್ನ ಅಜೋರ್ಸ್ ದ್ವೀಪಗಳಲ್ಲಿ ತೀರಿಕೊಂಡ. ಹೊರಟವರಲ್ಲಿ ಮರಳಿದವರು ಮೂರನೆಯ ಒಂದು ಭಾಗದಷ್ಟು. ಮಲಿಂದಿಯ ನಾವಿಕನ ಹೆಸರಿನಲ್ಲಿ ಎಲ್ಲಿಯೂ ಊರಿಲ್ಲ, ಸೇತುವೆಯಿಲ್ಲ. ಸ್ಕರ್ವಿಯಿಂದ ಸತ್ತವರ ಹೆಸರುಗಳೂ ಬಹುಪಾಲು ಉಳಿದಿಲ್ಲ. ಧೈರ್ಯಕ್ಕೆ ಗೌರವ ಸಲ್ಲಬೇಕು ಎನ್ನುವವರು ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲ ಭೇಟಿಯಲ್ಲಿ ಕಲ್ಲಿಕೋಟೆಯ ಅರಸ, ನಮ್ಮ ಪಠ್ಯಗಳಲ್ಲಿ ಜಾಮೋರಿನ್ ಎಂದು ಬರುವ ಸಾಮೂದಿರಿ, ಗಾಮನನ್ನು ಮರ್ಯಾದೆಯಿಂದಲೇ ಬರಮಾಡಿಕೊಂಡ. ಗಾಮ ತಂದಿದ್ದ ಕಾಣಿಕೆ ಹೀಗಿತ್ತು: ಹನ್ನೆರಡು ತುಂಡು ಪಟ್ಟೆ ಬಟ್ಟೆ, ನಾಲ್ಕು ಕೆಂಪು ಕುಲಾವಿ, ಆರು ಟೋಪಿ, ನಾಲ್ಕು ಸರ ಹವಳ, ಕೈತೊಳೆಯುವ ಆರು ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ಅದನ್ನು ನೋಡಿದ ಅರಮನೆಯ ಅಧಿಕಾರಿಗಳು ನಕ್ಕು, ಮೆಕ್ಕಾದಿಂದ ಬರುವ ಅತಿ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು. ಅಲ್ಲಿಂದ ಮುಂದೆ ಸುಂಕದ ವಿಷಯದಲ್ಲಿ ಮನಸ್ತಾಪ, ಪರಸ್ಪರ ಜನರನ್ನು ಒತ್ತೆಯಾಗಿ ಹಿಡಿಯುವುದು ಎಲ್ಲವೂ ನಡೆಯಿತು. ಆದರೂ ಕೊನೆಯಲ್ಲಿ ಸಾಮೂದಿರಿ ಪೋರ್ಚುಗಲ್ಲಿನ ಅರಸನಿಗೆ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಒಂದು ಪತ್ರ ಬರೆಸಿ ಕೊಟ್ಟ. ಅದರ ಸಾರಾಂಶ ಇಷ್ಟು: ನಿಮ್ಮ ಮನೆತನದ ಸೇವೆಯಲ್ಲಿರುವ ವಾಸ್ಕೋ ಡ ಗಾಮ ನನ್ನ ನಾಡಿಗೆ ಬಂದದ್ದು ನನಗೆ ಸಂತೋಷ, ನನ್ನ ನಾಡಿನಲ್ಲಿ ದಾಲ್ಚಿನ್ನಿ, ಲವಂಗ, ಶುಂಠಿ, ಕಾಳುಮೆಣಸು, ರತ್ನಗಳಿವೆ, ಬದಲಿಗೆ ನಿಮ್ಮಿಂದ ಚಿನ್ನ, ಬೆಳ್ಳಿ, ಹವಳ, ಕೆಂಪು ಬಟ್ಟೆ ಬೇಕು. ವ್ಯಾಪಾರಕ್ಕೆ ಬಾಗಿಲು ತೆರೆದೇ ಇತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ. ಆ ಪತ್ರವನ್ನು ಹೊತ್ತ ಗಾಮ, ಕಲ್ಲಿಕೋಟೆಯ ಕೆಲವರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಹಡಗಿನಲ್ಲೇ ಉಳಿಸಿಕೊಂಡು ಹೊರಟ. ದಾರಿಯಲ್ಲಿ ಅಂಜದೀವದಲ್ಲಿ ಬೀಡುಬಿಟ್ಟಾಗ ಮಾತನಾಡಿಸಲು ಬಂದ ಒಬ್ಬ ಯೆಹೂದಿಯನ್ನು ಗೂಢಚಾರನೆಂಬ ಸಂಶಯದಿಂದ ಹೊಡೆಸಿ, ಹಿಂಸಿಸಿ, ಲಿಸ್ಬನ್‌ಗೆ ಒಯ್ದರು. ಮುಂದೆ ಕ್ರೈಸ್ತನಾಗಿ ಗಾಸ್ಪರ್ ಡ ಗಾಮ ಎಂಬ ಹೆಸರು ಪಡೆದು ಪೋರ್ಚುಗೀಸರ ದುಭಾಷಿಯಾದವನು ಅವನೇ. ಕಾರವಾರದ ದಡದಿಂದ ಆ ದ್ವೀಪವನ್ನು ನೋಡುವವರಲ್ಲಿ ಎಷ್ಟು ಜನರಿಗೆ ಈ ಸಂಗತಿ ಗೊತ್ತಿದೆಯೋ!

ಎರಡನೆಯ ಯಾನದ ವಿಷಯಕ್ಕೆ ಬರುವ ಮೊದಲು ನಡುವಿನ ಒಂದು ಘಟನೆಯನ್ನು ಹೇಳದಿದ್ದರೆ ಗಾಮನಿಗೆ ಅನ್ಯಾಯವಾಗುತ್ತದೆ. 1500ರಲ್ಲಿ ಬಂದ ಪೋರ್ಚುಗೀಸ್ ನೌಕಾಪಡೆಯ ನಾಯಕ ಪೆದ್ರು ಆಲ್ವಾರೆಸ್ ಕಬ್ರಾಲ್ ಕಲ್ಲಿಕೋಟೆಯಲ್ಲಿ ಮಳಿಗೆ ತೆರೆದ. ಸರಕು ಬೇಗ ಸಿಗುತ್ತಿಲ್ಲವೆಂದು ಮುಸ್ಲಿಂ ವರ್ತಕರ ಹಡಗೊಂದನ್ನು ಹಿಡಿದಾಗ ಊರಿನಲ್ಲಿ ದೊಂಬಿಯೆದ್ದು, ಮಳಿಗೆಯಲ್ಲಿದ್ದ ಐವತ್ತಕ್ಕೂ ಹೆಚ್ಚು ಪೋರ್ಚುಗೀಸರು ಕೊಲೆಯಾದರು. ಕಬ್ರಾಲ್ ಅದಕ್ಕೆ ಪ್ರತಿಯಾಗಿ ಬಂದರಿನಲ್ಲಿದ್ದ ಸುಮಾರು ಹತ್ತು ಹಡಗುಗಳನ್ನು ಹಿಡಿದು, ಅವುಗಳಲ್ಲಿದ್ದ ನೂರಾರು ಜನರನ್ನು ಕೊಂದು, ಊರಿನ ಮೇಲೆ ಫಿರಂಗಿ ಹಾರಿಸಿ ಹೋದ. ಅಂದರೆ 1502ರಲ್ಲಿ ಗಾಮ ಇಪ್ಪತ್ತು ಹಡಗುಗಳ ಪಡೆಯೊಂದಿಗೆ ಹೊರಟಾಗ ಸೇಡಿನ ನೆಪ ಅವನ ಕೈಯಲ್ಲಿತ್ತು. ಜೊತೆಗೆ ಆ ಸೇಡು ಒಮ್ಮೆ ತೀರಿಯೂ ಆಗಿತ್ತು.

ದಾರಿಯಲ್ಲಿ ಆಫ್ರಿಕಾದ ಕಿಲ್ವಾದ ಸುಲ್ತಾನನನ್ನು ಬೆದರಿಸಿ ಕಪ್ಪ ಪಡೆದುಕೊಂಡ. ಹೊನ್ನಾವರ ಮತ್ತು ಭಟ್ಕಳದ ಮೇಲೂ ದಾಳಿ ಮಾಡಿ, ಭಟ್ಕಳದಿಂದ ಅಕ್ಕಿಯ ಕಪ್ಪವನ್ನು ಒಪ್ಪಿಸಿಕೊಂಡನೆಂದು ಪೋರ್ಚುಗೀಸ್ ಚರಿತ್ರಕಾರ ಗಾಸ್ಪರ್ ಕೊರ್ರೆಯ ಬರೆಯುತ್ತಾನೆ. ಈ ಕೊರ್ರೆಯನ ವಿಷಯದಲ್ಲಿ ಒಂದು ಎಚ್ಚರ ಬೇಕು. ಅವನು ಭಾರತಕ್ಕೆ ಬಂದದ್ದು 1512ರಲ್ಲಿ, ಗ್ರಂಥ ಬರೆದದ್ದು ಇನ್ನೂ ದಶಕಗಳ ಅನಂತರ. ಸಾಮೂದಿರಿಯ ರಾಯಭಾರಿಯಾಗಿ ಬಂದ ಬ್ರಾಹ್ಮಣನ ಕಿವಿ ಕತ್ತರಿಸಿ ನಾಯಿಯ ಕಿವಿ ಹೊಲಿದು ಕಳುಹಿಸಿದರೆಂಬ, ಬಹಳ ಪ್ರಚಾರದಲ್ಲಿರುವ ಕಥೆಯೂ ಅವನಿಂದಲೇ ಬಂದದ್ದು. ಅಂದು ಅಲ್ಲಿದ್ದವರ ಬರಹದ ಬೆಂಬಲವಿಲ್ಲದ ಕಾರಣ ನಾನು ಅದನ್ನು ನಡೆದ ಸಂಗತಿಯೆಂದು ಪಾಠ ಮಾಡುವುದಿಲ್ಲ. ನಿಮ್ಮ ಮಗಳೂ ತನ್ನ ಭಾಷಣದಲ್ಲಿ ಅದನ್ನು ಬಿಡುವುದು ಒಳ್ಳೆಯದು. ಒಬ್ಬನನ್ನು ವೀರನ ಪೀಠದಿಂದ ಇಳಿಸಬೇಕೆಂಬ ಆತುರದಲ್ಲಿ ಸಿಕ್ಕಿದ ಕಥೆಯನ್ನೆಲ್ಲ ಅವನ ತಲೆಗೆ ಕಟ್ಟಿದರೆ, ನಿಜವಾಗಿ ನಡೆದದ್ದರ ಮೇಲೆಯೇ ಜನ ಸಂಶಯಪಡುವಂತಾಗುತ್ತದೆ. ಮೀರಿಯ ವಿಷಯದಲ್ಲಿ ಅಂತಹ ಸಂಶಯಕ್ಕೆ ಎಡೆಯಿಲ್ಲ.

ಮೀರಿಯ ಕುರಿತು ಅತ್ಯಂತ ವಿವರವಾಗಿ ಬರೆದವನು ತೋಮೆ ಲೋಪೆಸ್. ಅವನು ಅದೇ ನೌಕಾಪಡೆಯ ಹಡಗೊಂದರಲ್ಲಿ ಲೆಕ್ಕಪತ್ರ ಬರೆಯುವ ಗುಮಾಸ್ತನಾಗಿದ್ದ, ಘಟನೆ ನಡೆದಲ್ಲಿಯೇ ಇದ್ದ. ಅವನ ಬರಹ ಇಂದು ಇಟಾಲಿಯನ್ ಅನುವಾದದಲ್ಲಿ ಉಳಿದುಬಂದಿದೆ. ಕಣ್ಣೂರಿನ ಉತ್ತರಕ್ಕಿರುವ ಏಳಿಮಲೆಯ ಎದುರಿನ ಸಮುದ್ರದಲ್ಲಿ, ಕೆಂಪು ಸಮುದ್ರದಿಂದ ಬರುವ ಹಡಗುಗಳಿಗಾಗಿ ಗಾಮನ ಪಡೆ ಹೊಂಚುಹಾಕಿ ನಿಂತಿತ್ತು. ಮೀರಿ ಸಿಕ್ಕಿಬಿದ್ದಾಗ ಅದರಲ್ಲಿದ್ದ ಕಲ್ಲಿಕೋಟೆಯ ಶ್ರೀಮಂತ ವರ್ತಕ ಜೌಹರ್ ಅಲ್ ಫಕೀಹ್, ತಮ್ಮನ್ನು ಜೀವಸಹಿತ ಬಿಟ್ಟರೆ ಪೋರ್ಚುಗೀಸ್ ಹಡಗುಗಳಿಗೆ ಸಾಂಬಾರ ಪದಾರ್ಥ ತುಂಬಿಸಿಕೊಡುತ್ತೇವೆ, ಸಾಮೂದಿರಿಯ ಜೊತೆ ಸಂಧಾನವನ್ನೂ ಮಾಡಿಸುತ್ತೇವೆ ಎಂದು ಬೇಡಿದ. ಗಾಮ ಒಪ್ಪಲಿಲ್ಲ. ಹಡಗಿನವರ ಬಳಿಯಿದ್ದ ಹಣ, ಸರಕು, ಆಯುಧಗಳನ್ನು ಕಸಿದುಕೊಂಡ ಮೇಲೆ ಹಡಗಿಗೆ ಬೆಂಕಿ ಹಚ್ಚಿಸಿದ. ಒಳಗಿದ್ದವರು ಬೆಂಕಿ ಆರಿಸಿದರು. ಹೆಂಗಸರು ತಮ್ಮ ಮೈಮೇಲಿನ ಒಡವೆಗಳನ್ನು ಎತ್ತಿ ತೋರಿಸುತ್ತ, ಇವೆಲ್ಲವನ್ನೂ ಕೊಡುತ್ತೇವೆ, ಜೀವ ಉಳಿಸಿ ಎಂದು ಕೂಗಿದರೆಂದೂ, ಕೆಲವರು ಎಳೆಗೂಸುಗಳನ್ನು ಮೇಲೆತ್ತಿ ಇವುಗಳ ಮೇಲಾದರೂ ಕರುಣೆಯಿರಲಿ ಎಂದು ಕೈಸನ್ನೆ ಮಾಡಿದರೆಂದೂ ಲೋಪೆಸ್ ಬರೆಯುತ್ತಾನೆ. ಬೇರೆ ದಾರಿ ಕಾಣದೆ ಆ ಜನ ಕೈಗೆ ಸಿಕ್ಕಿದ ಕಲ್ಲುಗಳಿಂದಲೇ ಹಲವು ದಿನ ಹೋರಾಡಿದರು. ಕೊನೆಗೆ ಹಡಗು ಉರಿದುಹೋಯಿತು. ಸತ್ತವರ ಸಂಖ್ಯೆ ಒಂದೊಂದು ಬರಹದಲ್ಲಿ ಒಂದೊಂದು ರೀತಿ ಇದ್ದರೂ ನೂರಾರು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಉಳಿಸಿಕೊಂಡದ್ದು ಸುಮಾರು ಇಪ್ಪತ್ತು ಮಕ್ಕಳನ್ನು. ಅವರನ್ನು ಕ್ರೈಸ್ತರನ್ನಾಗಿ ಮಾಡಲು ಒಯ್ದರು.

ಅಲ್ಲಿಂದ ಕಲ್ಲಿಕೋಟೆಗೆ ಬಂದ ಗಾಮ, ಊರಿನಲ್ಲಿರುವ ಎಲ್ಲ ಮುಸ್ಲಿಂ ವರ್ತಕರನ್ನು ಹೊರಗೆ ಅಟ್ಟಬೇಕೆಂದು ಸಾಮೂದಿರಿಗೆ ಹೇಳಿಕಳುಹಿಸಿದ. ಸಾಮೂದಿರಿಯ ಉತ್ತರವನ್ನು ಇದೇ ಲೋಪೆಸ್ ದಾಖಲಿಸಿದ್ದಾನೆ: ಅವರದು ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳಿವೆ, ಅವರು ಈ ನಾಡಿನವರಾಗಿಯೇ ಬದುಕಿದ್ದಾರೆ, ಅವರಿಂದ ನನ್ನ ರಾಜ್ಯಕ್ಕೆ ಒಳ್ಳೆಯದಾಗಿದೆ, ಅವರನ್ನು ಹೊರಹಾಕಲಾರೆ. ಗಾಮ ಅಷ್ಟರಲ್ಲಿ ಹಡಗುಗಳ ಹತ್ತಿರ ಬಂದಿದ್ದ ಮೀನುಗಾರರನ್ನೂ ದೋಣಿಯವರನ್ನೂ ಹಿಡಿಸಿ, ಮೂವತ್ತಕ್ಕೂ ಹೆಚ್ಚು ಜನರನ್ನು ದಡದಲ್ಲಿದ್ದವರ ಕಣ್ಣೆದುರೇ ಹಡಗಿನ ಮರಗಳಿಗೆ ನೇಣು ಹಾಕಿಸಿದ. ಅವರ ತಲೆ ಮತ್ತು ಕೈಕಾಲುಗಳನ್ನು ದೋಣಿಯಲ್ಲಿ ತುಂಬಿಸಿ ಪತ್ರದೊಂದಿಗೆ ದಡಕ್ಕೆ ಕಳುಹಿಸಿ, ಮುಂಡಗಳನ್ನು ಅಲೆಯ ಜೊತೆ ದಡ ಸೇರಲೆಂದು ನೀರಿಗೆ ಎಸೆಯಿಸಿದ. ಬಳಿಕ ಊರಿನ ಮೇಲೆ ಫಿರಂಗಿ ಹಾರಿಸಿದ. ಮೀನು ಹಿಡಿಯಲು ಬಂದವರಿಗೂ 1500ರ ದೊಂಬಿಗೂ ಏನು ಸಂಬಂಧ? ಸೇಡು ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ. ಇದು ಬೇರೆಯವರಿಗೆ ಭಯ ಹುಟ್ಟಿಸಲೆಂದು ಲೆಕ್ಕ ಹಾಕಿ ಮಾಡಿದ ಕೊಲೆ.

ಈಗ ನಿಮ್ಮ ಅಣ್ಣನವರ ಮಾತಿಗೆ ಬರುತ್ತೇನೆ. ಅದು ತಳ್ಳಿಹಾಕುವ ಮಾತಲ್ಲ. ಇತಿಹಾಸ ಓದುವವರೆಲ್ಲ ಮೊದಲು ಕಲಿಯಬೇಕಾದ ಎಚ್ಚರ ಅದು. ಗಾಮ ಜಾತ್ಯತೀತನಾಗಿರಲಿಲ್ಲ, ಮಾನವ ಹಕ್ಕುಗಳನ್ನು ನಂಬಿರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಕಲ್ಲಿಕೋಟೆಯ ಹೊರವಲಯದ ದೇವಸ್ಥಾನವನ್ನು ಚರ್ಚ್ ಎಂದು ತಿಳಿದು ಅವನೂ ಅವನವರೂ ಕೈಮುಗಿದದ್ದನ್ನು ಅಜ್ಞಾನವೆಂದು ಹಳಿಯುವುದೂ ಸಣ್ಣತನ. ಕಾಣದ ನಾಡಿನಲ್ಲಿ ತಾನು ಬಲ್ಲದ್ದನ್ನೇ ಕಾಣುವುದು ಮನುಷ್ಯನ ಸ್ವಭಾವ. ಆದರೆ ‘ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಇದ್ದರು’ ಎಂಬ ವಾಕ್ಯ ಒಂದು ಸಂಗತಿಯನ್ನು ಹೇಳುತ್ತಿದೆ, ಆ ಸಂಗತಿಯನ್ನು ಪರೀಕ್ಷಿಸಬಹುದು. ಪರೀಕ್ಷಿಸಿದರೆ ಅದು ನಿಜವಲ್ಲ. ಲೋಪೆಸ್ ಆ ಕಾಲದವನು, ಪೋರ್ಚುಗೀಸ್, ಕ್ರೈಸ್ತ, ಅದೇ ಪಡೆಯ ಅನ್ನ ಉಂಡವನು. ಅವನು ಆ ಸೋಮವಾರದ ತಾರೀಖನ್ನು ಬರೆದು, ಬದುಕಿರುವ ತನಕ ದಿನವೂ ಅದು ತನ್ನ ನೆನಪಿನಲ್ಲಿರುತ್ತದೆ ಎಂದ. ಅಡ್ಮಿರಲ್, ಅಂದರೆ ಗಾಮ, ಯಾವ ಕರುಣೆಯೂ ಇಲ್ಲದೆ, ಮಹಾ ಕ್ರೌರ್ಯದಿಂದ ಆ ಹಡಗನ್ನೂ ಅದರಲ್ಲಿದ್ದವರೆಲ್ಲರನ್ನೂ ಸುಡಿಸಿದ ಎಂದು ಬರೆದ. ‘ಕ್ರೌರ್ಯ’ ಎಂಬ ಪದವನ್ನು ಅಲ್ಲಿ ಇಟ್ಟವರು ನಾವಲ್ಲ, ಅವನು. ಇನ್ನು ಸಾಮೂದಿರಿಯೂ ಆ ಕಾಲದವನೇ. ಅನ್ಯಧರ್ಮದ ನಾಲ್ಕು ಸಾವಿರ ಮನೆಗಳ ಜನರನ್ನು, ಅವರನ್ನು ಅಟ್ಟಿದರೆ ತನ್ನ ಊರಿಗೆ ಫಿರಂಗಿಯ ಭಯ ತಪ್ಪಬಹುದಾಗಿದ್ದರೂ, ಆತ ಅಟ್ಟಲಿಲ್ಲ. ಒಂದೇ ಕಾಲ, ಒಂದೇ ಸಮುದ್ರ, ಬೇರೆ ಬೇರೆ ನಡತೆ. ಮೀರಿಯ ಮೇಲಿದ್ದ ಹೆಂಗಸರನ್ನು ಆ ಕಾಲದವರೆಂದು ಎಣಿಸದಿದ್ದರೆ ಮಾತ್ರ ‘ಎಲ್ಲರೂ’ ಎಂಬ ಪದ ನಿಲ್ಲುತ್ತದೆ.

ಅಣ್ಣನವರ ಪರವಾಗಿ ಇನ್ನೊಂದು ವಾದವನ್ನೂ ಮುಂದಿಡಬಹುದು: ಹಿಂದೂ ಮಹಾಸಾಗರ ಆಗ ಶಾಂತಿಯ ತೊಟ್ಟಿಲೇನೂ ಆಗಿರಲಿಲ್ಲವಲ್ಲ? ನಿಜ, ಆಗಿರಲಿಲ್ಲ. ನಮ್ಮ ಕರಾವಳಿಯಲ್ಲಿ ಕಡಲ್ಗಳ್ಳರಿದ್ದರು. ಝೆಂಗ್ ಹೆಯ ಪಡೆ 1411ರಲ್ಲಿ ಸಿಂಹಳದಲ್ಲಿ ಯುದ್ಧ ಮಾಡಿ ಅಲ್ಲಿನ ಆಳುವವನನ್ನೇ ಸೆರೆಹಿಡಿದು ಒಯ್ದಿತ್ತು. ಪೋರ್ಚುಗೀಸರು ತಂದ ಹೊಸತು ಹಿಂಸೆಯಲ್ಲ, ಸಮುದ್ರವೇ ತಮ್ಮ ಸ್ವತ್ತು ಎಂಬ ಹಕ್ಕುಸಾಧನೆ. ಗಾಮ ಮೊದಲ ಯಾನದಿಂದ ಮರಳಿದ ಕೂಡಲೇ ಅವರ ಅರಸ ಮನುಯೆಲ್, ಇಥಿಯೋಪಿಯ, ಅರೇಬಿಯ, ಪರ್ಷಿಯ ಮತ್ತು ಭಾರತಗಳ ವಿಜಯಕ್ಕೂ ನೌಕಾಯಾನಕ್ಕೂ ವಾಣಿಜ್ಯಕ್ಕೂ ತಾನೇ ಒಡೆಯನೆಂಬ ಬಿರುದನ್ನು ಧರಿಸಿದ. ಆಮೇಲೆ ‘ಕಾರ್ತಾಜ್’ ಎಂಬ ರಹದಾರಿ ಪತ್ರವನ್ನು ಪೋರ್ಚುಗೀಸರಿಂದ ಪಡೆಯದ ಹಡಗನ್ನು ಸಮುದ್ರದಲ್ಲಿ ಹಿಡಿಯಬಹುದು, ಮುಳುಗಿಸಬಹುದು ಎಂಬ ಕಟ್ಟಳೆ ಬಂತು. ನೂರಾರು ವರ್ಷಗಳಿಂದ ತಮ್ಮ ಪಾಡಿಗೆ ಓಡಾಡುತ್ತಿದ್ದ ಮಾಪಿಳ್ಳೆ, ಗುಜರಾತಿ, ಅರಬ್ ವರ್ತಕರು ತಮ್ಮ ಮನೆಯಂಗಳದಲ್ಲೇ ಓಡಾಡಲು ಪರವಾನಗಿ ಬೇಡುವಂತಾಯಿತು. ವಿಜಯನಗರದ ಕುದುರೆ ವ್ಯಾಪಾರಕ್ಕೆ ಆಧಾರವಾಗಿದ್ದ ಭಟ್ಕಳದಂತಹ ಬಂದರುಗಳ ಮೇಲೂ ಆ ಹಿಡಿತ ಬಿಗಿಯಿತು. ಮುಂದೆ ಉಳ್ಳಾಲದ ಅಬ್ಬಕ್ಕ ಹೋರಾಡಿದ್ದು ಇದೇ ಹಿಡಿತದ ವಿರುದ್ಧ.

ಇಷ್ಟಾಗಿಯೂ ಅವನು ವೀರನಾದದ್ದು ಹೇಗೆ? ಬದುಕಿದ್ದಾಗಲೇ ‘ದೊಂ’ ಎಂಬ ಬಿರುದು, ಪಿಂಚಣಿ, 1519ರಲ್ಲಿ ವಿದಿಗೇರದ ಕೌಂಟ್ ಪದವಿ ಎಲ್ಲವೂ ಸಿಕ್ಕಿದವು. ಅವುಗಳಲ್ಲಿ ಕೆಲವನ್ನು ಅವನೇ ಪಟ್ಟುಹಿಡಿದು ಪಡೆದುಕೊಂಡ. 1524ರಲ್ಲಿ ವೈಸರಾಯ್ ಆಗಿ ಮೂರನೆಯ ಬಾರಿ ಬಂದು ಕೆಲವೇ ತಿಂಗಳಲ್ಲಿ, ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಸತ್ತ. ಆದರೆ ನಾವು ಇಂದು ಕಾಣುವ ವೀರನ ಮೂರ್ತಿ ಆಮೇಲೆ ಕಡೆದದ್ದು. 1572ರಲ್ಲಿ ಪ್ರಕಟವಾದ ಕಮೊಯಿಂಷ್ ಕವಿಯ ‘ಲುಸಿಯಾಡ್ಸ್’ ಮಹಾಕಾವ್ಯ ಅವನನ್ನು ಪುರಾಣಪುರುಷನ ಎತ್ತರಕ್ಕೆ ಒಯ್ದಿತು. ಅದೇ ಕಾವ್ಯದಲ್ಲಿ ಹಡಗುಗಳು ಹೊರಡುವ ಹೊತ್ತಿಗೆ ದಡದಲ್ಲಿ ನಿಂತ ಮುದುಕನೊಬ್ಬ ಈ ಯಾನವನ್ನು ಕೀರ್ತಿಯ ಹುಚ್ಚು, ಆಳುವ ದುರಾಸೆ ಎಂದು ಖಂಡಿಸುವ ಭಾಗವಿದೆ ಎಂಬುದನ್ನು ಮರೆಯಬಾರದು. ಹೊಗಳುವ ಕವಿಗೂ ಆ ಮುದುಕನ ದನಿಯನ್ನು ಬಿಡಲಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ತನ್ನ ಬಲ ಕುಗ್ಗಿದ್ದ ಪೋರ್ಚುಗಲ್ಲಿಗೆ ಹಳೆಯ ವೈಭವದ ಒಂದು ಮುಖ ಬೇಕಾಗಿತ್ತು. 1880ರಲ್ಲಿ ಕವಿಯ ಮತ್ತು ನಾವಿಕನ ಅಸ್ಥಿಗಳೆಂದು ಎರಡನ್ನೂ ಲಿಸ್ಬನ್ನಿನ ಜೆರೋನಿಮೋಸ್ ಮಠಕ್ಕೆ ಒಟ್ಟಿಗೆ ತಂದಿಟ್ಟರು, 1898ರಲ್ಲಿ ನಾಲ್ಕು ನೂರು ವರ್ಷದ ಉತ್ಸವ ನಡೆಸಿದರು. ಐನೂರು ವರ್ಷ ತುಂಬಿದ 1998ರಲ್ಲಿ ಲಿಸ್ಬನ್ನಿನ ಹೊಸ ಸೇತುವೆಗೆ ಅವನ ಹೆಸರಿಟ್ಟಾಗ, ಇತ್ತ ಕೇರಳದಲ್ಲೂ ಗೋವಾದಲ್ಲೂ ಆ ಸಂಭ್ರಮಾಚರಣೆಯ ವಿರುದ್ಧ ಪ್ರತಿಭಟನೆಗಳು ನಡೆದವು.

ಇಲ್ಲಿ ನನಗೆ ಕಳವಳ ತರುವ ಇನ್ನೊಂದು ವಿಷಯವಿದೆ. ಗಾಮನನ್ನು ಖಂಡಿಸುವ ಭರದಲ್ಲಿ ಕೆಲವರು ಇದನ್ನು ಎರಡು ಧರ್ಮಗಳ ಜಗಳವಾಗಿ ಹೇಳುತ್ತಾರೆ, ಇಲ್ಲವೇ ಇಡೀ ನಾಡು ಒಂದಾಗಿ ಎದುರಿಸಿತೆಂದು ಹೇಳುತ್ತಾರೆ. ಎರಡೂ ಸರಿಯಲ್ಲ. ಸಾಮೂದಿರಿಯ ಮೇಲಿನ ವೈರದಿಂದ ಕೊಚ್ಚಿಯ ಅರಸ ಪೋರ್ಚುಗೀಸರಿಗೆ ಆಶ್ರಯ ಕೊಟ್ಟ. ಹೊನ್ನಾವರ ಕರಾವಳಿಯ ತಿಮ್ಮಯ್ಯ, ಪೋರ್ಚುಗೀಸರ ಬರಹಗಳಲ್ಲಿ ತಿಮೋಜನಾಗಿ ಬರುವವನು, 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾವನ್ನು ಹಿಡಿಯಲು ನೆರವಾದ. ಈ ಮಾತು ನಮಗೆ ಹಿತವಾಗಿಲ್ಲದಿರಬಹುದು, ಆದರೆ ಗಾಮನ ಬಗ್ಗೆ ನಿಜ ಹೇಳಬೇಕೆನ್ನುವವರು ನಮ್ಮವರ ಬಗ್ಗೆಯೂ ಹೇಳಬೇಕು.

ಊರಿನ ಹೆಸರಿನ ವಿಷಯ. ಗೌರವಕ್ಕೂ ನೆನಪಿಗೂ ವ್ಯತ್ಯಾಸವಿದೆ. ಊರಿನ ಹೆಸರು ಬಳಕೆಯಲ್ಲಿ ಸವೆದು, ಯಾರನ್ನೂ ಹೊಗಳದ ಬರಿಯ ಗುರುತಾಗಿಬಿಡುತ್ತದೆ. ರೈಲು ನಿಲ್ದಾಣದ ಫಲಕದಲ್ಲಿ ‘ವಾಸ್ಕೋ’ ಎಂದು ಓದಿ ಇಳಿಯುವವರು ಅಡ್ಮಿರಲ್‌ನಿಗೆ ಕೈಮುಗಿಯುವುದಿಲ್ಲ. ಅದನ್ನು ಬದಲಿಸಬೇಕೋ ಉಳಿಸಬೇಕೋ ಎಂಬುದು ಆ ಊರಿನವರು ಕೂಡಿ ತೀರ್ಮಾನಿಸಬೇಕಾದ ಮಾತು. ಬದಲಿಸಿದರೆ ಇತಿಹಾಸವೇನೂ ಅಳಿಯುವುದಿಲ್ಲ, ಉಳಿಸಿದರೆ ಮೀರಿಯವರಿಗೆ ಹೊಸ ಅನ್ಯಾಯವೂ ಆಗುವುದಿಲ್ಲ. ಕಲ್ಲಿಕೋಟೆಯ ಬಳಿ ಕಾಪ್ಪಾಡಿನಲ್ಲಿ ಒಂದು ಚಿಕ್ಕ ಕಲ್ಲಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದ ಎಂದಷ್ಟೇ ಅದರ ಮೇಲಿದೆ. ನನಗೆ ಆ ಕಲ್ಲಿನ ಬಗ್ಗೆ ತಕರಾರಿಲ್ಲ. ಅವನು ಇ‌ಳಿದದ್ದು ಸ್ವಲ್ಪ ಉತ್ತರಕ್ಕಿರುವ ಪಂದಲಾಯನಿಯಲ್ಲಿ ಎನ್ನುವವರಿದ್ದಾರೆ, ಆದರೆ ಅದು ಬೇರೆ ಚರ್ಚೆ. ಭಾಷಣ ಸ್ಪರ್ಧೆಯ ವಿಷಯ ಮಾತ್ರ ಹಾಗಲ್ಲ. ‘ವೀರ’ ಎಂದು ಕರೆದು ಅದನ್ನು ಮಕ್ಕಳ ಬಾಯಿಂದ ಹೇಳಿಸುವುದು ಗೌರವ ಸಲ್ಲಿಸುವುದೇ ಆಗುತ್ತದೆ.

ಆದ್ದರಿಂದ ಮಗಳ ಶಿಕ್ಷಕರನ್ನು ಭೇಟಿಯಾಗಿ, ವಿಷಯವನ್ನು ‘ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮ’ ಎಂದು ಬದಲಿಸಬಹುದೇ ಎಂದು ಕೇಳಿ. ಹೆಚ್ಚಿನ ಶಿಕ್ಷಕರು ಒಪ್ಪುತ್ತಾರೆ. ಹಳೆಯ ಪುಸ್ತಕದಿಂದ ವಾಕ್ಯವೊಂದು ಹಾಗೆಯೇ ಇಳಿದುಬಂದಿರುತ್ತದೆ, ಅಷ್ಟೆ. ಒಪ್ಪದಿದ್ದರೆ ಅದೇ ವಿಷಯವನ್ನು ಪ್ರಶ್ನೆಯಾಗಿ ತೆಗೆದುಕೊಂಡು ಮಾತನಾಡಲು ಮಗಳಿಗೆ ಅಡ್ಡಿಯಿಲ್ಲ. ಅಟ್ಲಾಂಟಿಕ್‌ನ ಆ ಬಾಗಿದ ದಾರಿಯನ್ನು ಅವಳು ಮೆಚ್ಚುಗೆಯಿಂದಲೇ ವರ್ಣಿಸಲಿ, ಮಲಿಂದಿಯ ನಾವಿಕನನ್ನು ನೆನೆಯಲಿ, ತಾಳೆಗರಿಯ ಪತ್ರವನ್ನು ಓದಿ ಹೇಳಲಿ. ಮೀರಿಯ ವಿಷಯ ಬಂದಾಗ ಆ ವಯಸ್ಸಿನ ಹುಡುಗಿ ಬೆಂಕಿಯ ವಿವರಗಳನ್ನು ಹೇಳಬೇಕಾಗಿಲ್ಲ. ಹಡಗಿನಲ್ಲಿ ಯಾರಿದ್ದರು, ಅವರು ಏನು ಬೇಡಿದರು, ಅದನ್ನು ನೋಡಿದ ಗುಮಾಸ್ತ ಏನು ಬರೆದ ಎಂಬ ಮೂರು ವಾಕ್ಯಗಳು ಸಾಕು. ಅಣ್ಣನವರೂ ಸಭೆಯಲ್ಲಿ ಕುಳಿತು ಕೇಳಲಿ.